‘ಯೂಸ್ಡ್ ಟು’ ಎಂದು ನಾನು ಬರೆದ ಚೀಟಿ

1996ರ ಚಳಿಗಾಲದಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಬೆಳಗಿನ ಮಂಜಿನಲ್ಲಿ ಕುರಿಮಂದೆ ಕಣ್ಣಿಗೆ ಕಾಣುವ ಮೊದಲೇ ಅದರ ಸದ್ದು ಕೇಳುತ್ತಿತ್ತು. ಆಮೇಲೆ ಕಂಬಳಿ ಹೊದ್ದವರು ಒಬ್ಬೊಬ್ಬರಾಗಿ ಮಂಜಿನೊಳಗಿಂದ ಮೂಡಿ ಬಂದು ನನ್ನ ಬಾಗಿಲ ಮುಂದೆ ಕೂರುತ್ತಿದ್ದರು.

ಹಾಗೆ ತಿಂಗಳಿಗೊಮ್ಮೆ ಬರುತ್ತಿದ್ದವಳು ಈರಮ್ಮ. ಕುರಿ ಸಾಕುವ ಮನೆಯವಳು, ನಲವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಅವಳ ಹೃದಯದ ಕವಾಟ ಕೆಟ್ಟಿತ್ತು. ಅದಕ್ಕೆ ದಿನಕ್ಕೊಂದು ಡಿಜಾಕ್ಸಿನ್ ಮಾತ್ರೆ ಕೊಡುತ್ತಿದ್ದೆ. ಹೃದಯದ ಓಟವನ್ನು ಹಿಡಿತಕ್ಕೆ ತರುವ ಔಷಧಿ ಅದು. ಆದರೆ ಅಳತೆ ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ. ಈರಮ್ಮ ಒಂದು ದಿನವೂ ಮಾತ್ರೆ ತಪ್ಪಿಸಿದವಳಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯವರು ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಜ್ವರ, ಏದುಸಿರು, ನಿಮಿಷಕ್ಕೆ ನೂರಮೂವತ್ತು ದಾಟಿದ ನಾಡಿ. ಗಂಡ ಕರಿಯಪ್ಪ ಮಂದೆಯ ಜೊತೆ ಹಿರಿಯೂರಿನ ಕಡೆ ಹೋಗಿದ್ದ. ನಾನು ಒಂದು ಇಂಜೆಕ್ಷನ್ ಕೊಟ್ಟು, ಜೀಪು ಹತ್ತಿಸಿ, ಜಿಲ್ಲಾ ಕೇಂದ್ರವಾದ ದುರ್ಗದ ಒಂದು ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ಚೀಟಿ ಬರೆದೆ. ಅದರ ಕೊನೆಯ ಸಾಲು: ‘ಶೀ ಯೂಸ್ಡ್ ಟು ಟೇಕ್ ಡಿಜಾಕ್ಸಿನ್ ಡೈಲಿ.’

ದಿನಾ ಮಾತ್ರೆ ತಗೊಳ್ಳುತ್ತಾಳೆ ಎಂಬುದು ನನ್ನ ಅರ್ಥ. ನಮ್ಮ ಕಡೆ ಎಲ್ಲರೂ ಹಾಗೇ ಬರೆಯುತ್ತಿದ್ದೆವು. ರೂಢಿಯ ಮಾತಿಗೆಲ್ಲ ‘ಯೂಸ್ಡ್ ಟು’ ಹಾಕಬೇಕೆಂದು ಶಾಲೆಯಲ್ಲಿ ಕಲಿತಿದ್ದೆ. ನಮ್ಮ ಗುಮಾಸ್ತರು ತಡವಾಗಿ ಬಂದ ದಿನ ಕೊಡುತ್ತಿದ್ದ ಅರ್ಜಿಯಲ್ಲೂ ‘ಐ ಯೂಸ್ಡ್ ಟು ಕಮ್ ಬೈ ಬಸ್’ ಎಂದಿರುತ್ತಿತ್ತು. ಅವರು ಆ ದಿನವೂ ಬಸ್ಸಿನಲ್ಲೇ ಬಂದಿರುತ್ತಿದ್ದರು.

ಮರುದಿನ ದುರ್ಗದಲ್ಲಿ ಮೀಟಿಂಗ್ ಇತ್ತು. ಮಧ್ಯಾಹ್ನ ಅದು ಮುಗಿದ ಮೇಲೆ ಈರಮ್ಮನನ್ನು ನೋಡಿಕೊಂಡು ಹೋಗೋಣವೆಂದು ವಾರ್ಡಿಗೆ ಹೋದೆ. ಕಿಟಕಿಯಾಚೆ ಬಂಡೆಗಳು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ಈರಮ್ಮ ಅರೆಗಣ್ಣು ತೆರೆದು ನಕ್ಕಳು.

“ಡಾಕ್ಟ್ರೇ, ಗೋಡೆಗೆಲ್ಲಾ ಅರಿಶಿನ ಬಳ್ದವ್ರೆ. ಬಾಗಿಲಾಗೆ ನಮ್ಮ ಕುರಿ ಬಂದು ನಿಂತವೆ ನೋಡ್ರಿ. ಅವೂ ಹಳದಿ.”

ಗೋಡೆ ಬೆಳ್ಳಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಒಂದು ಕ್ಷಣ ನಾನೂ ತಿರುಗಿ ನೋಡಿದೆ. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಯಿತು, ನಿದ್ದೆಗಣ್ಣಲ್ಲಿ ಏನೇನೋ ಅನ್ನುತ್ತಿದ್ದಾರೆ ಎಂದರು ನರ್ಸ್. ಡಿಜಾಕ್ಸಿನ್ ಮಿತಿಮೀರಿದರೆ ಜಗತ್ತು ಹಳದಿಯಾಗಿ ಕಾಣುತ್ತದೆ ಎಂದು ಎಂದೋ ಓದಿದ್ದು ನೆನಪಾಯಿತು. ನಾಡಿ ಹಿಡಿದೆ. ನಲವತ್ತೆರಡು.

ಡ್ಯೂಟಿಯಲ್ಲಿದ್ದ ಡಾಕ್ಟರ್ ವೀಣಾ ಓಡಿ ಬಂದರು. ಊರೂರು ವರ್ಗವಾಗುತ್ತಿದ್ದ ಅಧಿಕಾರಿಯ ಮಗಳು, ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಹಿಂದಿನ ದಿನ ಅವರು ಈರಮ್ಮನಿಗೆ ಡಿಜಾಕ್ಸಿನ್ನಿನ ಲೋಡಿಂಗ್ ಡೋಸ್ ಕೊಟ್ಟಿದ್ದರು. ಎಂದರೆ, ಮೈಯಲ್ಲಿ ಆ ಔಷಧಿ ಇಲ್ಲದವರಿಗೆ ಮೊದಲಿಗೆ ಕೊಡುವ ದೊಡ್ಡ ಅಳತೆ.

“ಇವರು ದಿನಾ ಮಾತ್ರೆ ತಗೊಳ್ತಿದ್ದಾರಲ್ಲ,” ಎಂದೆ. ನನ್ನ ದನಿ ಏರಿತ್ತು.

ಅವರು ಕೇಸ್ ಶೀಟಿನಿಂದ ನನ್ನ ಚೀಟಿ ತೆಗೆದು ತೋರಿಸಿದರು. “ನೀವೇ ಬರ್ದಿದ್ದೀರಿ ಸಾರ್. ಯೂಸ್ಡ್ ಟು ಟೇಕ್. ಹಿಂದೆ ತಗೊಳ್ತಿದ್ರು, ಈಗ ಬಿಟ್ಟಿದ್ದಾರೆ ಅಂತಲ್ವಾ? ಅವರನ್ನೇ ಕೇಳೋಣ ಅಂದ್ರೆ ಮಾತಾಡೋಕೂ ಉಸಿರಿರ್ಲಿಲ್ಲ, ಜೊತೆಗೆ ಬಂದವರಿಗೆ ಮಾತ್ರೆ ವಿಷಯ ಗೊತ್ತಿರ್ಲಿಲ್ಲ.”

ನನ್ನದೇ ಅಕ್ಷರ. ಆ ಸಾಲನ್ನು ಮತ್ತೆ ಓದಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಡಿಜಾಕ್ಸಿನ್ ನಿಂತಿತು. ನಾಡಿ ಏರಿಸಲು ಅಟ್ರೋಪಿನ್ ಕೊಟ್ಟು, ಇ.ಸಿ.ಜಿ. ತಂತಿಗಳನ್ನು ಜೋಡಿಸಿದೆವು. ಉಳಿದದ್ದು ಕಾಯುವುದು. ನಾನು ರಜೆ ಹಾಕಿ ಅಲ್ಲೇ ಉಳಿದೆ. ಈರಮ್ಮ ತೇಲಿ ತೇಲಿ ಮಾತಾಡುತ್ತಿದ್ದಳು: ಹೊಂಬಣ್ಣದ ಕೆರೆ, ಅದರ ಏರಿಯ ಮೇಲೆ ಮಂದೆ ನಡೆಸುವ ಅವಳಪ್ಪ. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯಿತ್ತು. ನನ್ನ ಬೆರಳು ಮಾತ್ರ ಅವಳ ಮಣಿಕಟ್ಟು ಬಿಡಲಿಲ್ಲ. ನಲವತ್ತೆರಡು ನಲವತ್ತೆಂಟಾಯಿತು. ಮಾರನೆಯ ದಿನ ಐವತ್ತಾರು. ಮೂರನೆಯ ಬೆಳಿಗ್ಗೆ ಲೋಟ ಕೈಗೆತ್ತಿಕೊಂಡು, “ಇವತ್ತು ಹಾಲು ಬೆಳ್ಳಗೈತೆ,” ಎಂದಳು. ವೀಣಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕರಿಯಪ್ಪ ಬಂದಿದ್ದ. ಅವನನ್ನು ವರಾಂಡಕ್ಕೆ ಕರೆದು, ತಪ್ಪು ನನ್ನ ಬರವಣಿಗೆಯದೆಂದು ಏನನ್ನೂ ಮುಚ್ಚಿಡದೆ ಹೇಳಿದೆ. ಬೈದಾನು ಎಂದುಕೊಂಡಿದ್ದೆ. ಅವನು ವಾರ್ಡಿನೊಳಗೆ ನಿಂತಿದ್ದ ವೀಣಾ ಅವರ ಕಡೆ ನೋಡಿದ.

“ಆಯಮ್ಮಂಗೆ ಕನ್ನಡ ಬರ್ತೈತಲ್ಲ ಸಾರ್,” ಎಂದ. “ನಿಮಗೂ ಬರ್ತೈತೆ. ಮತ್ಯಾಕೆ ಇಂಗ್ಲೀಷ್‌ನಾಗೆ ಬರ್ದ್ರಿ?”



ಅಂದಿನಿಂದ ನನ್ನ ಪ್ರತಿ ಚೀಟಿಯ ಕೆಳಗೆ, ಯಾವ ಔಷಧಿ, ಕೊನೆಯ ಸಲ ಯಾವಾಗ ತಗೊಂಡರು ಎಂದು ಕನ್ನಡದಲ್ಲಿ ಬರೆದು, ರೋಗಿಯ ಕಡೆಯವರಿಗೆ ಓದಿ ಹೇಳಿ, ಅವರು ಹೌದೆಂದ ಮೇಲೆ ಸಹಿ ಹಾಕುತ್ತಿದ್ದೆ. 2004ರಲ್ಲಿ ಹೊಳಲ್ಕೆರೆ ಕಡೆ ಇದ್ದಾಗ ಹೀಗೆ ಓದುತ್ತಿದ್ದರೆ ರೋಗಿಯ ಜೊತೆ ಬಂದಿದ್ದ ಒಬ್ಬ ಮುದುಕಿ, “ಅಲ್ಲಪ್ಪ, ಆ ಗುಳಿಗೆ ಬಿಟ್ಟು ತಿಂಗ್ಳಾತು,” ಎಂದಳು. ಮುಚ್ಚಿದ ಪೆನ್ನನ್ನು ಮತ್ತೆ ತೆರೆದೆ. ಬರೆದವನು ಚೀಟಿಯ ಜೊತೆಯಲ್ಲಿ ಹೋಗುವುದಿಲ್ಲ, ಅವನ ಮನಸ್ಸಿನಲ್ಲಿದ್ದ ಅರ್ಥವೂ ಹೋಗುವುದಿಲ್ಲ. ಕಾಗದದ ಮೇಲಿನ ಮಾತು ಒಂದೇ ಹೋಗಿ ರೋಗಿಯ ಪಕ್ಕ ನಿಲ್ಲುತ್ತದೆ.