ಅಪ್ಪನ ಟೇಪು, ಅಮ್ಮನ ಕಾರು

ನಮ್ಮಮ್ಮನದು ಒಂಥರಾ ಮದುವೆ ಮುರಿಯುವ ಕಸುಬು. ಯಾರೋ ಒಂದು ಹಳೇ ಕಾರಿಗೆ ಮನಸೋತಿರುತ್ತಾರೆ. ಕೊಳ್ಳುವ ಮುಂಚೆ ಅಮ್ಮನನ್ನು ಕಳಿಸುತ್ತಾರೆ. ಅವಳು ಹೋಗಿ ಬಾನೆಟ್ ಎತ್ತಿ, ಮೂಸಿ, ತಟ್ಟಿ, ಓಡಿಸಿ, ಹತ್ತರಲ್ಲಿ ಒಂಬತ್ತು ಸಲ ಈ ಸಂಬಂಧ ಬೇಡ ಅಂತ ಹೇಳಿ ಬರುತ್ತಾಳೆ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಕಿವಿ ಅವಳದು. ಅವಳ ಕಟ್ಟಪ್ಪಣೆ ಒಂದೇ: ಕೊಳ್ಳುವವರು ಪರೀಕ್ಷೆಯ ಹತ್ತಿರ ಸುಳಿಯಕೂಡದು. ಆಸೆಪಟ್ಟವರಿಗೆ ಇಂಜಿನ್ ಕೆಮ್ಮಿದರೂ ಹಾಡಿದ ಹಾಗೆ ಕೇಳಿಸುತ್ತದಂತೆ.

ಈ ಸಲ ಆಸೆಪಟ್ಟವಳು ಅವಳೇ. ಹಲ್ಲಿನ ಡಾಕ್ಟರೊಬ್ಬರು ಮಾರಲು ಇಟ್ಟಿದ್ದ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಅಮ್ಮನ ಎಡ ಮಂಡಿ ಸವೆದಿದೆ. ಇನ್ನೊಂದು ವರ್ಷ, ಆಮೇಲೆ ಕ್ಲಚ್ ತುಳಿಯುವುದನ್ನು ಮರೆತುಬಿಡಿ ಎಂದು ಮೂಳೆ ಡಾಕ್ಟರು ಹೇಳಿದ್ದರು. ಜೀವಮಾನವೆಲ್ಲ ಬೇರೆಯವರ ಗಾಡಿ ಓಡಿಸಿದವಳಿಗೆ ಅಷ್ಟರೊಳಗೆ ತನ್ನದೊಂದು ಬೇಕಿತ್ತು. ಆಗಲೇ ನಾಲ್ಕು ಕಾರುಗಳನ್ನು ಬೇಡವೆಂದಿದ್ದಳು. ಹಾಗಂತ ನಿಯಮ ಮುರಿದಾಳೆಯೇ? ಊಹೂಂ. ತಾನು ಮನೆಯಲ್ಲೇ ಕೂತು ಅಪ್ಪನನ್ನು ಕಳಿಸಿದಳು. ಅಪ್ಪ ದರ್ಜಿ. ಕಾರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದರ ಬಣ್ಣ ಮಾತ್ರ.

ಬೆಳಗ್ಗೆ ಏಳಕ್ಕೆಲ್ಲ ಅಪ್ಪನ ಫೋನು ಬಂತು. ಅಡುಗೆಮನೆ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟು ನಾವಿಬ್ಬರೂ ಕೂತೆವು.

"ರೀ, ಮೊದ್ಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ರೆ ವಾಪಸ್ ಬಂದ್ಬಿಡಿ. ಮುಂಚೇನೇ ಬಿಸಿ ಮಾಡಿಟ್ರೆ ಅದರ ಕಾಯಿಲೆ ಒಂದೂ ಗೊತ್ತಾಗಲ್ಲ."

"ತಣ್ಣಗಿದೆ ಕಣೇ. ಎಷ್ಟು ನುಣುಪು ಗೊತ್ತಾ, ರೇಷ್ಮೆ!"

"ನೀವು ಮರುಳಾಗ್ಬೇಡಿ! ಆಯಿಲ್ ಮುಚ್ಚಳ ಬಿಚ್ಚಿ. ಒಳಗೆ ಹಾಲಿನ ಕೆನೆ ತರ ಏನಾದ್ರೂ ಇದ್ಯಾ? ಇದ್ರೆ ಆಯಿಲ್‌ಗೆ ನೀರು ಸೇರಿದೆ ಅಂತ ಅರ್ಥ."

ಇರಲಿಲ್ಲ. ಹಲ್ಲಿನ ಡಾಕ್ಟರು ಸ್ಟಾರ್ಟ್ ಮಾಡಿದರು. ಆ ಗುಡುಗಿಗೆ ನಮ್ಮ ಮೇಜಿನ ಮೇಲಿನ ಲೋಟಗಳು ಕೂಡ ನಡುಗಿದವು ಎಂದು ಅಮ್ಮ ಇವತ್ತಿಗೂ ಸಾಧಿಸುತ್ತಾಳೆ. ಆಯಿಲ್ ಸುಟ್ಟರೆ ಬರುವ ನೀಲಿ ಹೊಗೆ ಇಲ್ಲವೆಂದು ತಿಳಿದದ್ದೇ ತಡ, ಮಂಡಿ ನೋವು ಮರೆತು ಕುರ್ಚಿಯಲ್ಲೇ ಕುಣಿದಳು. ಕಾರು ರಸ್ತೆಗಿಳಿಯಿತು. ಆಮೇಲೆ ಕೇಳಿಸಿದ್ದೆಲ್ಲ ಅಪ್ಪನ ಚೀರಾಟ.

"ಅಯ್ಯಯ್ಯೋ! ಇನ್ನೊಂದ್ಸಲ ಡಾಕ್ಟ್ರೇ, ಇನ್ನೊಂದ್ಸಲ!"

"ಹೋಯ್ತು, ಈ ಮನುಷ್ಯನೂ ಮರುಳಾದ," ಎಂದಳು ಅಮ್ಮ. "ರೀ! ಬಾಯಿ ಮುಚ್ಕೊಂಡು ಫೋನನ್ನ ಗೇರ್ ಹತ್ರ ಹಿಡೀರಿ!"

ಕರ್ರ್ ಎಂದಿತು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. "ಎರಡನೇ ಗೇರು ಉಜ್ಜುತ್ತೆ. ಪರವಾಗಿಲ್ಲ, ಗೇರ್‌ಬಾಕ್ಸ್ ನಾನೇ ಬಿಚ್ತೀನಿ."

ಕಾರು ವಾಪಸ್ ಬಂದು ನಿಂತಿತು. ಅಪ್ಪ ಇಳಿದು ಬಾನೆಟ್ ಸುತ್ತ ಬೆರಳಾಡಿಸಿದನಂತೆ. ಆಮೇಲೆ ದನಿ ತಗ್ಗಿಸಿ, "ಲೇ, ಬಾನೆಟ್ ಹೊಲಿಗೆ ಸರಿಯಿಲ್ಲ ಕಣೇ. ಸಂದು ಎಡಗಡೆ ಸಣ್ಣಗಿದೆ, ಬಲಗಡೆ ನನ್ನ ಬೆರಳೇ ಹೋಗುತ್ತೆ," ಎಂದ.

ಅಮ್ಮನ ಮುಖ ಬಾಡಿತು. "ಬಲಗಡೆ ಮುಂದಿನ ಟೈರು ಒಳಗಿನ ಅಂಚಲ್ಲಿ ಸವೆದಿದ್ಯಾ ನೋಡಿ."

"ಹೂಂ, ಸವೆದಿದೆ."

"ಹಾಗಾದ್ರೆ ಎಲ್ಲೋ ಗುದ್ದಿಸಿದಾರೆ. ಮೈಯೇ ವಾರೆಯಾಗಿದ್ರೆ ಏನು ಮಾಡಿದ್ರೂ ನೆಟ್ಟಗೆ ಓಡಲ್ಲ. ಬೇಡ. ಬಂದ್ಬಿಡಿ."

ಬೇರೆಯವರಿಗೆ ಬೇಡ ಎನ್ನುವಾಗ ಅವಳ ದನಿ ಹೀಗೆ ಒಡೆಯುತ್ತಿರಲಿಲ್ಲ.

ಆದರೆ ಅಪ್ಪ ಫೋನಿಡಲಿಲ್ಲ. "ವಾರೆ ಅಂತ ನೋಡದೆ ಹೇಗೆ ಹೇಳ್ತೀಯ? ಬಟ್ಟೆ ವಾರೆ ಅನ್ನಿಸಿದ್ರೆ ನಾನು ಮೂಲೆಯಿಂದ ಮೂಲೆಗೆ ಅಳೀತೀನಿ. ಇದನ್ನ ಅಳೀಬಾರ್ದಾ? ಟೇಪು ಕೊರಳಲ್ಲೇ ಇದೆ."

ಅಮ್ಮ ದಿಗ್ಗನೆ ನೆಟ್ಟಗಾದಳು. ಬಾನೆಟ್ ಎತ್ತಿಸಿ ಯಾವ ಬೋಲ್ಟಿನಿಂದ ಯಾವ ಮೂಲೆಗೆ ಹಿಡಿಯಬೇಕೆಂದು ಹೇಳಿಕೊಟ್ಟಳು. ಮೂಲೆಯಿಂದ ಮೂಲೆಗೆ ಎರಡೂ ಅಳತೆ ಒಂದೇ ಬಂದರೆ ಮೈ ನೆಟ್ಟಗಿದೆ ಎಂದರ್ಥ. ಫೋನಿನಲ್ಲಿ ಡಾಕ್ಟರ ದನಿ ಕೇಳಿಸಿತು: "ಏನ್ ಸಾರ್, ನನ್ನ ಕಾರಿಗೆ ಅಂಗಿ ಹೊಲೀತೀರಾ?"

"ಮೈಗೆ ಸರಿಯಾಗಿ ಕೂರ್ಬೇಕಲ್ಲ ಡಾಕ್ಟ್ರೇ. ಆ ತುದಿ ಹಿಡ್ಕೊಳ್ಳಿ."

ನಾನೂ ಅಮ್ಮನೂ ಫೋನಿನ ಮೇಲೆ ಬಗ್ಗಿದೆವು. ಅಪ್ಪ ಒಂದು ಸಲ ಅಳೆದ, ಇನ್ನೆರಡು ಮೂಲೆಗೆ ತಿರುಗಿಸಿ ಇನ್ನೊಂದು ಸಲ ಅಳೆದ, ನಂಬಿಕೆ ಸಾಲದೆ ಮೂರನೆಯ ಸಲವೂ ಅಳೆದ.

"ಎರಡೂ ಒಂದೇ ಕಣೇ! ಒಂದು ನೂಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ಆಗ ಡಾಕ್ಟರು ಬಾಯಿಬಿಟ್ಟರು. ಕ್ಲಿನಿಕ್ಕಿನ ಗೋಡೆಗೆ ಮೆಲ್ಲಗೆ ತಾಗಿಸಿದ್ದರಂತೆ. ಬಲಗಡೆಯ ಮಡ್‌ಗಾರ್ಡ್ ಮಾತ್ರ ಬದಲಾಯಿಸಿದ್ದರಂತೆ, ಸಂದು ದೊಡ್ಡದಾದದ್ದು ಅದರಿಂದ. ಚಕ್ರ ಸರಿಯಾಗಿ ಕೂರಿಸಿರಲಿಲ್ಲ, ಅದಕ್ಕೇ ಟೈರು ಸವೆದಿತ್ತು. ಅಮ್ಮನಿಗೆ ಅದೆಲ್ಲ ಒಂದು ಮಧ್ಯಾಹ್ನದ ಕೆಲಸ.

ಕಾರು ಮನೆಗೆ ಬಂದ ದಿನ ಅದನ್ನು ತರಲು ಅಮ್ಮ ಒಬ್ಬಳೇ ಹೋದಳು. ಒಂದು ಗಂಟೆಯ ಮೇಲೆ ಕೂದಲೆಲ್ಲ ಕೆದರಿಕೊಂಡು ಬಾಗಿಲಿಗೆ ತಂದು ನಿಲ್ಲಿಸಿದಳು. ಇಳಿಯಲು ನೋಡಿದರೆ ಸೀಟು ನೆಲಮಟ್ಟದಲ್ಲಿದೆ, ಮಂಡಿ ಏಳಲೊಲ್ಲದು. ನಾನೊಂದು ಕೈ, ಅಪ್ಪನೊಂದು ಕೈ ಹಿಡಿದು ಎಳೆದೆವು. ಅರ್ಧ ಮೇಲೆದ್ದವಳು ಬಿದ್ದುಬಿದ್ದು ನಗುತ್ತಾ ಮತ್ತೆ ಒಳಗೇ ಕುಸಿದಳು. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು, ನಗು ಮಾತ್ರ ನಿಲ್ಲಲಿಲ್ಲ.

"ಬಿಡ್ರೀ ಕೈನ," ಎಂದಳು ಅಪ್ಪನಿಗೆ. "ಇಳಿಯೋದನ್ನ ಆಮೇಲೆ ನೋಡ್ಕೊಳ್ಳೋಣ. ಆ ಕಡೆಯಿಂದ ಬಂದು ಹತ್ತಿ."