ಅಪ್ಪ ಮತ್ತು ಪಕ್ಕದ ಮನೆಯ ಗಾಡಿ

ನಮ್ಮಪ್ಪ ಬೆಟ್ಟಯ್ಯನವರು ಮೂವತ್ತನಾಲ್ಕು ವರ್ಷ ಅರಣ್ಯ ಇಲಾಖೆಯ ಜೀಪು ಓಡಿಸಿದವರು. ಕಾಡಿನ ಕೆಸರಿನಲ್ಲಿ ಒಂದು ದಿನವೂ ಅವರ ಗಾಡಿ ಹೂತು ನಿಂತದ್ದಿಲ್ಲ ಎಂಬ ಹೆಸರಿತ್ತು. ಅಂಥವರು ನಿವೃತ್ತರಾಗಿ ಶ್ರೀರಾಂಪುರದ ನನ್ನ ಮನೆಗೆ ಬಂದ ಮೇಲೆ ಮಾಡಿದ್ದೇನು? ಪಕ್ಕದ ಮನೆಯ ಚೆಲುವರಾಜುವಿಗೆ ಅಪ್ಪನಾಗಿಬಿಟ್ಟರು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಚೆಲುವರಾಜು ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಮನುಷ್ಯ. ಇಪ್ಪತ್ತೆರಡು ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ತಂದು, ಗ್ಯಾರೇಜಿಗೆ ಬಿಡದೆ ತಾನೇ ರಿಪೇರಿ ಮಾಡುತ್ತೇನೆಂದು ಹಟ ಹಿಡಿದಿದ್ದ. ಮೊದಲ ಭಾನುವಾರ ಕಾಂಪೌಂಡಿನ ಈಚೆಯಿಂದ ನೋಡುತ್ತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. "ಏನಪ್ಪಾ, ಬೋಲ್ಟ್‌ನ ಹಂಗಾ ತಿರುಗ್ಸೋದು? ಥ್ರೆಡ್ಡೆಲ್ಲ ಹೊಂಟೋಯ್ತದೆ" ಎಂದು ಹೋದವರು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಅಲ್ಲೇ ಉಂಡಿದ್ದರು.

ಆಮೇಲೆ ಪ್ರತಿ ಭಾನುವಾರ ಅದೇ. ಅಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಅವನು ಗಾಡಿಯ ಕೆಳಗೆ. ಬ್ರೇಕ್ ಬಿಚ್ಚಿ ಜೋಡಿಸಿದರು, ಸ್ಪ್ರಿಂಗಿಗೆ ಪಟ್ಟಿ ಸೇರಿಸಿ ಗಾಡಿಯನ್ನು ಎತ್ತರಿಸಿದರು, ಮುಂದಕ್ಕೆ ಕಬ್ಬಿಣದ ಬಂಪರ್ ಕೂರಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಯಾವ ಬೇರಿಂಗ್ ಸವೆದಿದೆ ಎಂದು ಅಪ್ಪ ಹೇಳಬಲ್ಲರು. ಆ ವಿದ್ಯೆಯನ್ನೂ ಅವನಿಗೇ ಧಾರೆ ಎರೆದರು. ನಾನು ಹತ್ತು ವರ್ಷದವನಿದ್ದಾಗ ಸ್ಪ್ಯಾನರ್ ಮುಟ್ಟಿದರೆ "ಓದ್ಕೊ ಹೋಗು, ಗ್ರೀಸು ನಿಂಗ್ಯಾಕೆ" ಎಂದು ಗದರಿದ್ದ ಅದೇ ಅಪ್ಪ! ಓದಿದೆ, ವಿಮಾ ಕಚೇರಿ ಸೇರಿದೆ, ಕಾರು ಕೊಂಡೆ. ಅದರ ಬಾನೆಟ್ ಎತ್ತಿ ಅವರು ಒಂದು ಸಲವೂ ನೋಡಿಲ್ಲ.

ನಾನು ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿಯ ಮೇಲೆ ನಿಂತು ಇಬ್ಬರ ಮಾತನ್ನೂ ಕೇಳುತ್ತಿದ್ದೆ. "ಅಪ್ಪಾಜಿ, ಇನ್ನೂ ಬಿಗಿ ಮಾಡ್ಲಾ?" "ಕಾಲು ಸುತ್ತು ಸಾಕು ಕಣೋ." ಅಪ್ಪಾಜಿಯಂತೆ! ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ನನ್ನ ಹೆಂಡತಿ ಸೌಮ್ಯಶ್ರೀ, "ಒಂದೇ ಟವಲ್ಲು ಎಷ್ಟೊತ್ತು ಹಿಂಡ್ತೀರ್ರೀ?" ಎಂದು ನಗುತ್ತಿದ್ದಳು.

ಆಯುಧಪೂಜೆಯ ದಿನ ಮಿತಿ ಮೀರಿತು. ಕಾರು ತೊಳೆದು, ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಕಾದೆ. ಅಪ್ಪ ಬೂದುಗುಂಬಳಕಾಯಿ ಎತ್ತಿಕೊಂಡು ಮೊದಲು ಹೋದದ್ದು ಪಕ್ಕದ ಮನೆಗೆ. ನನ್ನ ಕಾರಿನ ಹತ್ತಿರ ಬರುವಷ್ಟರಲ್ಲಿ ನಾನು ಹಚ್ಚಿದ್ದ ಊದುಬತ್ತಿ ಉರಿದು ಮುಗಿದಿತ್ತು.

ಮುಂದಿನ ಭಾನುವಾರ ಇಬ್ಬರೂ ಮಂಡಕಳ್ಳಿಯ ಆಚೆ ಇರುವ ಚೆಲುವರಾಜುವಿನ ಹೊಲಕ್ಕೆ ಹೊರಟರು. ಮಳೆಯಾಗಿ ದಾರಿಯೆಲ್ಲ ಕೆಸರು. ಆ ಗಾಡಿಯ ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಹಬ್ ಲಾಕ್ ಎಂಬ ಗುಂಡನೆಯ ತಿರುಪು ಇದೆ. ಎರಡನ್ನೂ ಕೈಯಿಂದ ತಿರುಗಿಸಿ ಲಾಕ್ ಮಾಡಿದರಷ್ಟೇ ನಾಲ್ಕೂ ಚಕ್ರ ಎಳೆಯುತ್ತವೆ. ಒಂದನ್ನು ಬಿಟ್ಟರೂ ಮುಂದಿನ ಚಕ್ರಗಳು ದಂಡ. ಅದನ್ನು ಅಪ್ಪನೇ ತಿರುಗಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಇಲಾಖೆಯ ದಿನಗಳಿಂದ ಬಂದ ಪದ್ಧತಿ ಅದು. ತಿರುಗಿಸಿ, ತಿಂಡಿಗೆಂದು ಇಬ್ಬರೂ ಒಳಗೆ ಹೋದರು. ಗಾಡಿ ಬೀದಿಯಲ್ಲಿತ್ತು. ನಾನು ಹೋಗಿ ಎಡಗಡೆಯದನ್ನು ಬಿಡಿಸಿ ಬಂದೆ. ಗಾಡಿ ಕೆಸರಿನಲ್ಲಿ ಸಿಕ್ಕಿಕೊಳ್ಳಲಿ, ಚೆಲುವರಾಜುವಿನ ಡ್ರೈವಿಂಗಿನ ಬಣ್ಣ ಬಯಲಾಗಲಿ, ಅಪ್ಪ ಅವನಿಗೆ ಚೆನ್ನಾಗಿ ಬಯ್ಯಲಿ ಎಂದಷ್ಟೇ ನನ್ನ ಆಸೆ.

ಗಾಡಿ ಸಿಕ್ಕಿಕೊಂಡಿತು. ತಾನೇ ಲಾಕ್ ಮಾಡಿದ್ದೇನೆಂಬ ಧೈರ್ಯದಲ್ಲಿ ಅಪ್ಪ ಇಳಿದು ನೋಡಲೂ ಇಲ್ಲವಂತೆ. ಟ್ರ್ಯಾಕ್ಟರ್ ಬಂದು ಎಳೆದ ಮೇಲೆ ಎಡಗಡೆಯ ಹಬ್ ಬಿಟ್ಟುಕೊಂಡಿರುವುದು ಕಂಡಿತಂತೆ. "ಹೋಗ್ಲಿ ಬುಡಿ ಅಪ್ಪಾಜಿ" ಎಂದನಂತೆ ಚೆಲುವರಾಜು. ಅಪ್ಪ ಮನೆಗೆ ಬಂದು ಕಾಲು ತೊಳೆದು ಕೂತರು. "ಎಲ್ಡೂ ತಿರುಗ್ಸಿದ್ದೀನಿ ಅಂತ್ಲೇ ಅಂದ್ಕೊಂಡಿದ್ದೆ. ಗ್ಯಾಪಕ ನಿಲ್ತಾ ಇಲ್ಲ ಕಣಪ್ಪ ನಂಗೆ" ಎಂದರು.

ಮುಂದಿನ ವಾರ ಚೆಲುವರಾಜು ಕರೆದರೂ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನನ್ನ ಪಕ್ಕದಲ್ಲೇ ಕೂತು ಟಿವಿ ನೋಡಿದರು. ಅಂತೂ ಅಪ್ಪ ನನಗೆ ಸಿಕ್ಕಿದ್ದರು. ಆದರೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ಬಾಗಿಲು ನೋಡುತ್ತಿದ್ದರು. ಮಾತ್ರೆ ನುಂಗಿದೆನಾ ಎಂದು ಸೌಮ್ಯಳನ್ನು ಕೇಳುತ್ತಿದ್ದರು. ಮೂರನೆಯ ಭಾನುವಾರ ತಮ್ಮ ಡ್ರೈವಿಂಗ್ ಲೈಸೆನ್ಸ್ ತಂದು ನನ್ನ ಕೈಗಿಟ್ಟು, "ಇನ್ ಇದು ನನ್ನತ್ರ ಬ್ಯಾಡ" ಎಂದರು. ನನ್ನಿಂದ ಸುಮ್ಮನಿರಲಾಗಲಿಲ್ಲ.

"ಅಪ್ಪಾ, ನೀವು ಎರಡನ್ನೂ ಲಾಕ್ ಮಾಡಿದ್ರಿ. ಎಡಗಡೇದನ್ನ ಬಿಡಿಸಿದ್ದು ನಾನು."

ಅವರು ಟಿವಿ ಆರಿಸಿ ನನ್ನ ಕಡೆ ತಿರುಗಿದರು.

"ಅದನ್ನ ಬಿಡ್ಸೋದು ನಿಂಗ್ಯಾರು ಹೇಳ್ಕೊಟ್ಟೋರು?"

"ನೀವು ಅವ್ರಿಗೆ ಹೇಳ್ಕೊಡ್ತಿದ್ರಲ್ಲ, ಮಹಡಿಯಿಂದ ಕೇಳಿಸ್ಕೊಂಡೆ."

"ಬಂದು ಪಕ್ಕದಲ್ಲಿ ಕೂತ್ಕೊಳಕ್ಕೆ ಏನ್ ರೋಗ ಬಂದಿತ್ತೋ ನಿಂಗೆ?"

ಲೈಸೆನ್ಸನ್ನು ನನ್ನ ಕೈಯಿಂದ ಕಿತ್ತುಕೊಂಡು ಎದ್ದರು. "ನಡಿ. ಚೆಲುವರಾಜುಗೆ ಇದನ್ನ ನೀನೇ ಹೇಳು." ಪಂಚೆ ಎತ್ತಿ ಕಟ್ಟಿ, ನನಗಿಂತ ಮುಂದೆ ದಾಪುಗಾಲು ಹಾಕುತ್ತ ಹೊರಟೇಬಿಟ್ಟರು. ನನ್ನ ಮಾನ ಹೋಗಲು ಇನ್ನು ಹತ್ತು ಹೆಜ್ಜೆಯಷ್ಟೇ ಉಳಿದಿತ್ತು. ಆಗಲೂ ನನಗೆ ಹೊಟ್ಟೆ ಉರಿದದ್ದು, ಅಪ್ಪನ ಆ ಅವಸರ ಯಾರನ್ನು ನೋಡಲು ಎಂದು.