ಬಾಗದೆ ವ್ಯಾನು ಹತ್ತುವ ಕಣ್ಣಮ್ಮ

ಅದಿಯಮಾನ್‌ಕೋಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡಯಾಲಿಸಿಸ್‌ಗೆಂದು ಸೇಲಂಗೆ ಹೊರಟವರನ್ನು ಡ್ರೈವರ್ ಮಾರಿಯಪ್ಪ ಕೈಹಿಡಿದು ವ್ಯಾನು ಹತ್ತಿಸುತ್ತಿದ್ದಾನೆ. ಎಲ್ಲರೂ ತಲೆ ಬಾಗಿಸುತ್ತಾರೆ. ಮಗ್ಗದ ಮನೆಯ ಕಣ್ಣಮ್ಮ ಮಾತ್ರ ಬಾಗುವುದಿಲ್ಲ. ಹಿಂದೆ ಇದೇ ಬಾಗಿಲಿಗೆ ಹಣೆ ಬಡಿದುಕೊಂಡು ಅವನನ್ನು ಎಷ್ಟು ಸಲ ಬೈದಿದ್ದಳೋ! ಬಾಗಿಲು ಅದೇ ಇದೆ. ಹೆಂಗಸು ಕುಗ್ಗಿದ್ದಾಳೆ.

"ಒಳ್ಗೆ ಕುಂತ್ಕೊಂಡು ಯಾರೋ ಮೂಳೆ ತಿಂತಾವ್ರೆ ಅನ್ಸುತ್ತೆ," ಎನ್ನುವಾಗ ಅವನ ದನಿ ಇಳಿಯುತ್ತದೆ.

ಮಾರಂಡಹಳ್ಳಿಯ ಮಾರಿಯಪ್ಪ ಮೊದಲು ತರಕಾರಿ ಲಾರಿ ಓಡಿಸುತ್ತಿದ್ದ. "ಟೊಮ್ಯಾಟೊ ಜಜ್ಜೋದ್ರೆ ಓನರ್ ಬೈತಿದ್ದ. ಇವ್ರ ಮೂಳೆ ಮುರಿದ್ರೆ?" ಹಾಗಾಗಿ ತೊಪ್ಪೂರು ಘಾಟಿಯಲ್ಲಿ ವ್ಯಾನು ತೆವಳುತ್ತದೆ.

ಮೂಳೆಗೆ ಬಿಸಿಲು ಬೇಕೆಂದು ಗಂಡ ಶಿವರಾಮನ್ ಕಣ್ಣಮ್ಮನನ್ನು ದಿನವೂ ಮಾಳಿಗೆಯ ಮೇಲೆ ಕೂರಿಸುತ್ತಿದ್ದ. ಫಲ ಸಿಗಲಿಲ್ಲ. ಬಿಸಿಲು ಕೊಟ್ಟ ವಿಟಮಿನ್ ಡಿಯನ್ನು ಹದಮಾಡಿ ಕೆಲಸಕ್ಕೆ ಹಚ್ಚುವುದು ಮೂತ್ರಪಿಂಡ ಎಂದರು ಸೇಲಂ ಆಸ್ಪತ್ರೆಯ ಡಾಕ್ಟರ್ ಸುಗನ್ಯಾ. ಅದು ಕೈಬಿಟ್ಟ ಮೇಲೆ ಕತ್ತಿನೊಳಗಿನ ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಗ್ರಂಥಿಗಳಿಗೆ ಆ ವಿಟಮಿನ್ ಹೇಳುವ 'ಸಾಕು' ಎಂಬ ಮಾತು ತಲುಪುವುದಿಲ್ಲ. ಆ ಮಾತು ಕೇಳುವ ಕಿವಿಗಳೂ ಅಲ್ಲಿ ಕಡಿಮೆಯಾಗುತ್ತವೆ. ರಕ್ತದಲ್ಲಿ ರಂಜಕ ಏರುತ್ತದೆ. ಗ್ರಂಥಿಗಳು ಊದಿಕೊಂಡು, ಹಗಲಿರುಳೂ ಮೂಳೆಯೊಳಗಿನ ಸುಣ್ಣವನ್ನು ಹೊರಗೆ ಕರೆಯುತ್ತಲೇ ಇರುತ್ತವೆ. ಕಣ್ಣಮ್ಮನ ಗ್ರಂಥಿಗಳು ಮದ್ದಿಗೂ ಜಗ್ಗಲಿಲ್ಲ. ಕುಯ್ದು ತೆಗೆಯಲೇಬೇಕು.

ಅವಳು ಒಪ್ಪಲಿಲ್ಲ. ಆಪರೇಷನ್ನಿಗೆ ತಾಳಿ ಬಿಚ್ಚಬೇಕು. ಗಂಡ ಬದುಕಿರುವಾಗ ಕತ್ತು ಬರಿದಾಗುವುದೇ?

"ಆಡಿ ಅದಿನೆಂಟರ ಅಬ್ಬಕ್ಕೆ ಒಗೇನಕಲ್‌ನಲ್ಲಿ ತಾಳಿ ದಾರ ಬದಲಾಯಿಸ್ತೀಯಲ್ಲಕ್ಕಾ, ಅವಾಗ?" ಎಂದು ಮಾರಿಯಪ್ಪ ಕೇಳಿದ.

"ಲೇ ಮಾರಿ, ಒಸದು ಕಟ್ಕೊಂಡ್ಮೇಲೇ ಅಳೇದು ಬಿಚ್ಚೋದು. ಎಂಡ್ತಿ ಕಟ್ಕೊಂಡಿದ್ದೀಯ, ಇಷ್ಟೂ ತಿಳೀದಾ?"

"ಅಂಗಾದ್ರೆ ಕೈಗೊಂದು ಮೊದ್ಲು ಕಟ್ಕೋ. ಆಮೇಲೆ ಕತ್ತಿಂದು ಬಿಚ್ಚು."

ಘಾಟಿ ದಾಟುವವರೆಗೂ ಅವಳು ತಾಳಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಳು. ವ್ಯಾನು ಇಳಿಯುವಾಗ "ಸರಿ" ಎಂದಳು.

ಇವತ್ತೇ ಆಪರೇಷನ್ನಿನ ದಿನ. ಸೇಲಂನ ಆಸ್ಪತ್ರೆಯ ಮುಂದೆ ಶಿವರಾಮನ್ ಅವಳ ಬಲಗೈಗೆ ಅರಿಶಿನದ ದಾರ ಕಟ್ಟುತ್ತಾನೆ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಏನನ್ನೂ ಕಟ್ಟುವಂತಿಲ್ಲ. ಅಲ್ಲಿ ರಕ್ತನಾಳ ಜೋಡಿಸಿದ ಕಡೆ ಚರ್ಮದಡಿ ರಕ್ತ ಜೇನುಹುಳದಂತೆ ಗುಂಯ್‌ಗುಡುತ್ತದೆ. ಆಮೇಲೆ ಕತ್ತಿನದನ್ನು ಬಿಚ್ಚುತ್ತಾನೆ. ಕಣ್ಣಮ್ಮ ಬರಿಗತ್ತನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ.

"ಇಲ್ಲೇ ಕುಂತೈತಾ ಅದು, ಮೂಳೆ ತಿನ್ನೋದು?" ಅವಳದು ಪಿಸುದನಿ.

ದೇವರೇ ಗತಿ ಎಂದು ಮಾರಿಯಪ್ಪ ಕೈಮುಗಿಯುತ್ತಾನೆ. ಆಸ್ಪತ್ರೆಯ ಈ ಬಾಗಿಲೊಳಗೆ ಹೋದ ಕೆಲವರು ಹಿಂದಿರುಗಿಲ್ಲ. ಮರುವಾರವೇ ಅವರ ಸೀಟಿನಲ್ಲಿ ಬೇರೊಬ್ಬರು. ಈ ಕೆಲಸದಲ್ಲಿ ಅವನಿಗೆ ಸಹಿಸಲಾಗದ್ದು ಅದೊಂದೇ.

ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣಮ್ಮನ ಸೀಟಿನ ಮೇಲೆ ಹಾಸುತ್ತಾನೆ.

"ಓಗ್ಬುಟ್ಟು ಬಾಕ್ಕಾ. ಟವೆಲ್ ಆಕಿದೀನಿ. ಇನ್ನು ಯಮ ಬಂದ್ರೂ ನಿಂತ್ಕೊಂಡೇ ಬರ್ಬೇಕು."